ವಲಸಿಗನ ಹತ್ತು ವಿಕೆಟ್ ಮತ್ತು ನಮ್ಮ ಮನೆಯಂಗಳ

(ಹೇಮಗುಡ್ಡದಲ್ಲಿ ಸುತ್ತಲಿನ ಊರುಗಳ ಯುವಕರು ಹಾಗೂ ಪಾಲಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕ್ರಿಕೆಟ್ ಆಟಗಾರನೊಬ್ಬನ ಬದುಕಿನ ಕುರಿತು ಮಾತಾಡುತ್ತೇನೆಂದಾಗ ನಮ್ಮ ಹಿರಿಯರಲ್ಲಿ ಕೆಲವರು ಹುಬ್ಬೇರಿಸಿದರು. ದೀನ್‌ಗೂ ಚೆಂಡಾಟಕ್ಕೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ನಾನು ಮಾತಾಡಲಿರುವುದು ಚೆಂಡು-ದಾಂಡಿನ ಬಗ್ಗೆ ಮಾತ್ರವಲ್ಲ. ಹುಟ್ಟಿದ ನೆಲ ಬಿಟ್ಟು ಹೋದ ಮನುಷ್ಯನ ಬಗ್ಗೆ, ಅವನನ್ನು ಬರಮಾಡಿಕೊಂಡ ನೆಲದ ಬಗ್ಗೆ. ನಮ್ಮ ಭಾಗದಲ್ಲಿ ಇದಕ್ಕೆ ಒಂದೇ ಪದ ಸಾಕು: ಗುಳೆ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯ ಜನರಿಗೆ ಈ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಹೊರಟವರ ಜಿಲ್ಲೆ ಇದು. ಅದೇ ಹೊತ್ತಿಗೆ ಇದು ಬರಮಾಡಿಕೊಂಡ ಜಿಲ್ಲೆಯೂ ಹೌದು. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಗಂಗಾವತಿ, ಕಾರಟಗಿ, ಸಿಂಧನೂರು ಕಡೆಗಳಲ್ಲಿ ಬಂದು ನೆಲೆಸಿದರು. ಅವರ ಕ್ಯಾಂಪುಗಳು ಇಂದು ನಮ್ಮ ಊರುಗಳೇ ಆಗಿವೆ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತ ಬಂಗಾಳಿ ಹಿಂದೂ ಕುಟುಂಬಗಳಿಗೂ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು.

ಇನ್ನೂ ಹಿಂದಕ್ಕೆ ಹೋಗೋಣ. ನಾವು ಕುಳಿತಿರುವ ಈ ಕೋಟೆಯ ಬೆಟ್ಟದಿಂದ ಕುಮ್ಮಟದುರ್ಗ ದೂರವಿಲ್ಲ. ಸುಮಾರು 1327ರಲ್ಲಿ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧುವೇ ಆದ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು, ಸೋತು, ಕಂಪಿಲಿಯ ದೊರೆಯ ಬಳಿಗೆ ಓಡಿ ಬಂದ. ಕಂಪಿಲರಾಯ ಆಶ್ರಯ ಕೊಟ್ಟ. ಸುಲ್ತಾನನ ಸೇನೆ ಬೆನ್ನಟ್ಟಿ ಬಂದಾಗಲೂ ಆಶ್ರಿತನನ್ನು ಒಪ್ಪಿಸಲಿಲ್ಲ. ಅವನನ್ನು ಬೇರೊಬ್ಬ ದೊರೆಯ ಬಳಿಗೆ ಕಳುಹಿಸಿಕೊಟ್ಟು, ತಾನು ಹೋರಾಡಿ ಪ್ರಾಣ ಕೊಟ್ಟ. ಇದನ್ನು ಬರೆದಿಟ್ಟವನು ಇಬ್ನ್ ಬತೂತ, ಸ್ವತಃ ಒಬ್ಬ ಮುಸ್ಲಿಮ್ ಪ್ರವಾಸಿ. ಸುಲ್ತಾನನೂ ಮುಸ್ಲಿಮ್, ಓಡಿ ಬಂದವನೂ ಮುಸ್ಲಿಮ್, ಆಶ್ರಯ ಕೊಟ್ಟು ಮಡಿದವನು ಹಿಂದೂ ದೊರೆ. ಇತಿಹಾಸವನ್ನು ಎರಡು ಧರ್ಮಗಳ ಕುಸ್ತಿಯೆಂದು ಬಿಂಬಿಸುವವರು ಈ ಬೆಟ್ಟಗಳನ್ನು ಒಮ್ಮೆ ಬಂದು ನೋಡಬೇಕು.

ಹಿಜ್ರತ್‌ನ ಎರಡು ಪಾಠಗಳು

ನಮ್ಮ ಕಾಲಗಣನೆಯೇ ಒಂದು ವಲಸೆಯಿಂದ ಆರಂಭವಾಗುತ್ತದೆ. ಪ್ರವಾದಿವರ್ಯರ(ಸ) ಜನನದಿಂದಲೂ ಅಲ್ಲ, ಯಾವುದೋ ಯುದ್ಧದ ವಿಜಯದಿಂದಲೂ ಅಲ್ಲ. 622ರಲ್ಲಿ ಅವರು ಮಕ್ಕಾದಿಂದ ಮದೀನಾಕ್ಕೆ ತೆರಳಿದ ದಾರಿಯಿಂದ. ಅದಕ್ಕೂ ಮುಂಚೆ ಕಿರುಕುಳ ತಾಳಲಾರದ ಒಂದು ಸಣ್ಣ ತಂಡ ಅಬಿಸೀನಿಯಾಕ್ಕೆ ಹೋಗಿತ್ತು. ಅಲ್ಲಿನ ದೊರೆ ನಜಾಶಿ ಆಗ ಕ್ರೈಸ್ತನಾಗಿದ್ದ. ಅವನ ರಾಜ್ಯದಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದೇ ಪ್ರವಾದಿವರ್ಯರು(ಸ) ಆ ನೆಲವನ್ನು ಆರಿಸಲು ಕಾರಣವಾಗಿತ್ತು. ಅತಿಥೇಯನಿಗೆ ಇದು ಪಾಠ: ಬಂದವನಿಗೆ ನ್ಯಾಯ ಸಿಗಬೇಕು.

ಎರಡನೆಯದು ಬಂದವನಿಗೆ ಪಾಠ. ಮದೀನಾದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್‌ರನ್ನು(ರ) ಅನ್ಸಾರರಾದ ಸಅದ್ ಬಿನ್ ರಬೀಅ್‌ರ(ರ) ಸಹೋದರನನ್ನಾಗಿ ಮಾಡಲಾಯಿತು. ಸಅದ್ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗಾಗಿ ಪ್ರಾರ್ಥಿಸಿ, ತನಗೆ ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ಗಿಣ್ಣು, ತುಪ್ಪ ಮಾರುತ್ತ ಆರಂಭಿಸಿ ಮದೀನಾದ ದೊಡ್ಡ ವರ್ತಕರಾದರು, ದಾನಿಯೂ ಆದರು. ಅರ್ಧ ಆಸ್ತಿ ಕೊಡಲು ಸಿದ್ಧನಿರುವ ಊರಿನವನು, ಮಾರುಕಟ್ಟೆಯ ದಾರಿ ಕೇಳುವ ವಲಸಿಗ: ಈ ಇಬ್ಬರೂ ಇರುವ ಸಮಾಜವೇ ಏಳಿಗೆ ಹೊಂದುತ್ತದೆ. ಇವರಲ್ಲಿ ಒಬ್ಬರು ಕಾಣೆಯಾದರೂ ಕಥೆ ಕೆಡುತ್ತದೆ. ಇಂದು ನಾನು ಹೇಳಬೇಕಾಗಿರುವುದು ಇಷ್ಟೇ. ಇದಕ್ಕೆ ನಮ್ಮ ಕಾಲದ ಒಂದು ಸಾಕ್ಷ್ಯ ಕೊಡುತ್ತೇನೆ.

ಮುಂಬೈಯಿಂದ ಆಕ್ಲೆಂಡ್‌ಗೆ

ಅಜಾಝ್ ಪಟೇಲ್ ಎಂಬ ಹೆಸರು ಇಲ್ಲಿರುವ ಹುಡುಗರಿಗೆಲ್ಲ ಗೊತ್ತು. 1988ರ ಅಕ್ಟೋಬರ್ 21ರಂದು ಮುಂಬೈಯ ಒಂದು ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದವರು. 1996ರಲ್ಲಿ ಹೆತ್ತವರು ನ್ಯೂಝಿಲೆಂಡ್‌ಗೆ ವಲಸೆ ಹೋದಾಗ ಆತ ಎಂಟರ ಆಸುಪಾಸಿನ ಬಾಲಕ. ಆಕ್ಲೆಂಡ್ ನಗರದಲ್ಲಿ ಬೆಳೆದರು. ಆರಂಭದಲ್ಲಿ ಅವರು ಸ್ಪಿನ್ ಬೌಲರ್ ಆಗಿರಲಿಲ್ಲ; ಎಡಗೈ ವೇಗದ ಬೌಲರ್ ಆಗಿದ್ದರು. ಆದರೆ ಎತ್ತರ ಕಡಿಮೆ. ಎತ್ತರದ ಆಳುಗಳು ಹಸಿರು ಪಿಚ್ಚಿನ ಮೇಲೆ ಚೆಂಡನ್ನು ಪುಟಿಸುವ ನಾಡಿನಲ್ಲಿ ಗಿಡ್ಡ ಆಳಿನ ಮಧ್ಯಮ ವೇಗಕ್ಕೆ ಭವಿಷ್ಯವಿಲ್ಲ ಎಂಬುದು ಇಪ್ಪತ್ತರ ಹರೆಯದಲ್ಲಿ ಅವರಿಗೆ ಸ್ಪಷ್ಟವಾಯಿತು.

ಸಹೋದರರೇ, ಇದು ಯೋಚಿಸಬೇಕಾದ ಘಟ್ಟ. ಬಾಲ್ಯದಿಂದ ಕಲಿತ ವಿದ್ಯೆ ಕೈಬಿಡಬೇಕು, ಇಲ್ಲವೇ ಆಟವನ್ನೇ ಬಿಡಬೇಕು. ತನ್ನನ್ನು ಆರಿಸದವರನ್ನು ದೂರುತ್ತ, ನಾನು ವಲಸಿಗ, ನಾನು ಮುಸ್ಲಿಮ್, ಅದಕ್ಕೇ ಹೀಗೆ ಎಂದು ಕುಳಿತುಬಿಡುವ ದಾರಿಯೂ ಇತ್ತು. ಅಜಾಝ್ ಆ ದಾರಿ ಹಿಡಿಯಲಿಲ್ಲ. ನ್ಯೂಝಿಲೆಂಡ್ ಪರ ಆಡಿದ್ದ ಮಾಜಿ ಸ್ಪಿನ್ನರ್ ದೀಪಕ್ ಪಟೇಲ್‌ರ ಬಳಿ ಹೋಗಿ ಎಡಗೈ ಸ್ಪಿನ್ನನ್ನು ಮೊದಲಿನಿಂದ ಕಲಿತರು. ದೀಪಕ್ ಪಟೇಲ್ ಕೂಡ ವಲಸಿಗರೇ. ಆಫ್ರಿಕಾದ ನೈರೋಬಿಯಲ್ಲಿ ಹುಟ್ಟಿದ ಭಾರತೀಯ ಮೂಲದವರು. ಒಬ್ಬ ವಲಸಿಗ ಏರಿದ ಏಣಿಯನ್ನು ಒದೆಯದೆ ಇನ್ನೊಬ್ಬನಿಗೆ ಹಿಡಿದು ನಿಂತದ್ದು ಗಮನಾರ್ಹ.

ಆಕ್ಲೆಂಡ್ ತಂಡದಲ್ಲಿ ಅವಕಾಶ ಸಿಗಲಿಲ್ಲ. ಅವರು ಅಲ್ಲಿಂದಲೂ ಗುಳೆ ಹೊರಟರು. ಸೆಂಟ್ರಲ್ ಡಿಸ್ಟ್ರಿಕ್ಟ್ಸ್ ಎಂಬ ಬೇರೆ ಪ್ರಾಂತದ ತಂಡ ಸೇರಿ 2012ರಲ್ಲಿ ಪ್ರಥಮ ದರ್ಜೆ ಕ್ರಿಕೆಟ್ ಆರಂಭಿಸಿದರು. ಪ್ಲಂಕೆಟ್ ಶೀಲ್ಡ್ ಎಂಬ ಅಲ್ಲಿನ ದೇಶೀಯ ಪಂದ್ಯಾವಳಿಯಲ್ಲಿ ಋತುವಿನಿಂದ ಋತುವಿಗೆ ವಿಕೆಟ್‌ಗಳ ರಾಶಿ ಹಾಕಿದರು. ಕೊನೆಗೆ 2018ರ ನವೆಂಬರ್‌ನಲ್ಲಿ ಅಬುಧಾಬಿಯಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್ ಟೋಪಿ ತಲೆಗೇರಿತು. ಆಗ ಅವರಿಗೆ ಮೂವತ್ತು ತುಂಬಿತ್ತು. ನಾಡಿಗೆ ಬಂದು ಇಪ್ಪತ್ತೆರಡು ವರ್ಷ ಕಳೆದಿತ್ತು.

ಆ ಪಂದ್ಯದಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು 176 ರನ್ ಬೇಕಿತ್ತು. ತಂಡ 171ಕ್ಕೆ ಆಲೌಟಾಯಿತು. ಎರಡನೇ ಇನಿಂಗ್ಸ್‌ನಲ್ಲಿ ಅಜಾಝ್ 59 ರನ್ನಿಗೆ ಐದು ವಿಕೆಟ್ ಕಿತ್ತರು. ಕೊನೆಯ ವಿಕೆಟ್ ಕೂಡ ಅವರದೇ. ನ್ಯೂಝಿಲೆಂಡ್ ಗೆದ್ದದ್ದು ನಾಲ್ಕು ರನ್‌ಗಳಿಂದ. ಮುಸ್ಲಿಮ್ ರಾಷ್ಟ್ರವೊಂದರ ತಂಡವನ್ನು ಮುಸ್ಲಿಮ್ ಬೌಲರ್ ಸೋಲಿಸಿದ ಎಂದು ಅಲ್ಲಿ ಯಾರೂ ವಿಸ್ಮಯಪಡಲಿಲ್ಲ. ತಾನು ಬದುಕುವ ನಾಡಿಗೆ ನಿಷ್ಠನಾಗಿರುವುದು ಮುಸ್ಲಿಮನಿಗೆ ಸಹಜವಾದ ಸಂಗತಿ. ಅದನ್ನು ದಿನಂಪ್ರತಿ ರುಜುವಾತುಪಡಿಸಬೇಕೆಂದು ಕೇಳುವುದೇ ಅಸಹಜ.

ಕಾನ್ಪುರದ 52 ಎಸೆತಗಳು

ಈಗ ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರಿನಲ್ಲಿ ಕ್ಲಬ್ ಮಟ್ಟದ ಕ್ರಿಕೆಟ್ ಆಡುತ್ತಿದ್ದ ರವಿ ಕೃಷ್ಣಮೂರ್ತಿ ಎಂಬವರು 1990ರ ದಶಕದಲ್ಲಿ ಸಾಫ್ಟ್‌ವೇರ್ ಉದ್ಯೋಗದ ದಾರಿ ಹಿಡಿದು ನ್ಯೂಝಿಲೆಂಡ್‌ಗೆ ಹೋದರು. ಅಲ್ಲಿ ಹಟ್ ಹಾಕ್ಸ್ ಎಂಬ ಕ್ರಿಕೆಟ್ ಕ್ಲಬ್ ಕಟ್ಟಿದರು. 1999ರ ನವೆಂಬರ್‌ನಲ್ಲಿ ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿದ ಅವರ ಮಗನೇ ರಚಿನ್ ರವೀಂದ್ರ. ಅಲ್ಲಿನ ಚಳಿಗಾಲದಲ್ಲಿ ಮೈದಾನಗಳು ಒದ್ದೆಯಾಗಿರುವಾಗ ತಂದೆ ಮಗನನ್ನೂ ಕ್ಲಬ್ಬಿನ ಹುಡುಗರನ್ನೂ ಭಾರತಕ್ಕೆ ಕರೆತಂದು ಇಲ್ಲಿನ ಬಿಸಿಲು, ಧೂಳು, ತಿರುಗುವ ಪಿಚ್ಚುಗಳ ಮೇಲೆ ಆಡಿಸುತ್ತಿದ್ದರು. ಹಾಗೆ ರಚಿನ್ ಹಲವು ಬಾರಿ ಬಂದು ಅಭ್ಯಾಸ ಮಾಡಿದ ಜಾಗಗಳಲ್ಲಿ ನಮ್ಮ ನೆರೆಯ ಬಳ್ಳಾರಿಯನ್ನು ದಾಟಿದರೆ ಸಿಗುವ ಅನಂತಪುರವೂ ಒಂದು. ಅಲ್ಲಿನ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಮೈದಾನದಲ್ಲಿ ಅವರನ್ನು ತಿದ್ದಿದ ತರಬೇತುದಾರರಲ್ಲಿ ಪ್ರಮುಖರು ಆಂಧ್ರದ ಮಾಜಿ ಆಟಗಾರ ಸೈಯದ್ ಶಹಾಬುದ್ದೀನ್. ಕನ್ನಡ ನಾಡಿನ ಹಿಂದೂ ಕುಟುಂಬದ ಕುಡಿ ನ್ಯೂಝಿಲೆಂಡ್‌ನಲ್ಲಿ ಚಿಗುರಿತು, ರಾಯಲಸೀಮೆಯ ಮುಸ್ಲಿಮ್ ಗುರು ಅದಕ್ಕೆ ನೀರೆರೆದರು. ದ್ವೇಷದ ಭಾಷಣಗಳಲ್ಲಿ ಕಾಣಿಸದ ಭಾರತ ಇದು.

2021ರ ನವೆಂಬರ್ 25ರಂದು ಕಾನ್ಪುರದಲ್ಲಿ ರಚಿನ್ ಮೊದಲ ಟೆಸ್ಟ್ ಆಡಲಿಳಿದರು. ಐದನೆಯ ದಿನದ ಸಂಜೆ ನ್ಯೂಝಿಲೆಂಡ್‌ನ ಒಂಬತ್ತು ವಿಕೆಟ್‌ಗಳು ಬಿದ್ದಿದ್ದವು. ಒಂದು ವಿಕೆಟ್ ಬಿದ್ದರೆ ಭಾರತಕ್ಕೆ ಜಯ. ಒಂದು ತುದಿಯಲ್ಲಿ ಬೆಂಗಳೂರು ಮೂಲದ 22ರ ಹುಡುಗ, ಇನ್ನೊಂದು ತುದಿಯಲ್ಲಿ ಮುಂಬೈಯಲ್ಲಿ ಹುಟ್ಟಿದ ಅಜಾಝ್. ಸುತ್ತ ಭಾರತದ ಫೀಲ್ಡರುಗಳ ಬೇಲಿ, ಎದುರಿಗೆ ಅಶ್ವಿನ್, ಜಡೇಜಾ. ಇಬ್ಬರೂ ಸೇರಿ 52 ಎಸೆತಗಳನ್ನು ತಡೆದರು. ರಚಿನ್ 91 ಎಸೆತ ಎದುರಿಸಿ ಗಳಿಸಿದ್ದು 18 ರನ್, ಅಜಾಝ್ 23 ಎಸೆತಗಳಲ್ಲಿ ಎರಡು ರನ್. ಬೆಳಕು ಮಂದವಾಗಿ ಆಟ ನಿಂತಿತು, ಪಂದ್ಯ ಡ್ರಾ ಆಯಿತು. ಲೆಕ್ಕದ ಪುಸ್ತಕದಲ್ಲಿ ಎರಡು ರನ್ ಎಂದರೆ ಏನೂ ಅಲ್ಲ. ಆದರೆ ಆ ಎರಡು ರನ್ನಿನ ಬೆಲೆ ಆ ದಿನ ಶತಕಕ್ಕಿಂತ ಹೆಚ್ಚಾಗಿತ್ತು. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ, ಬಂದ ಪ್ರತಿಯೊಂದು ಎಸೆತಕ್ಕೂ ಎಚ್ಚರದಿಂದ ಬ್ಯಾಟು ಕೊಡುವುದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ತೋಚದು.

ಹುಟ್ಟಿದ ಊರಿನಲ್ಲಿ

ಆ ಪಂದ್ಯ ಮುಗಿದ ನಾಲ್ಕೇ ದಿನಕ್ಕೆ, ಡಿಸೆಂಬರ್ 3ರಂದು, ಮುಂಬೈಯ ವಾಂಖೆಡೆಯಲ್ಲಿ ಎರಡನೆಯ ಟೆಸ್ಟ್. ಬಾಲಕನಾಗಿ ಬಿಟ್ಟುಹೋದ ನಗರಕ್ಕೆ ಅಜಾಝ್ ಎದುರಾಳಿಯಾಗಿ ಬಂದಿದ್ದರು. ಭಾರತದ ಮೊದಲ ಇನಿಂಗ್ಸ್‌ನ ಹತ್ತಕ್ಕೆ ಹತ್ತು ವಿಕೆಟ್‌ಗಳನ್ನೂ ಅವರೊಬ್ಬರೇ ಪಡೆದರು. 47.5 ಓವರ್, 12 ಮೇಡನ್, 119 ರನ್, 10 ವಿಕೆಟ್. ಟೆಸ್ಟ್ ಕ್ರಿಕೆಟ್‌ನ ಇತಿಹಾಸದಲ್ಲಿ ಅದುವರೆಗೆ ಈ ಸಾಧನೆ ಮಾಡಿದ್ದವರು ಇಬ್ಬರೇ: 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್, 1999ರಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. ಕುಂಬ್ಳೆಯವರು ಮೂರನೆಯವನನ್ನು ಸಂತೋಷದಿಂದ ಅಭಿನಂದಿಸಿದರು. ಅಂದು 150 ರನ್ ಹೊಡೆದು ಅಜಾಝ್‌ಗೆ ವಿಕೆಟ್ ಒಪ್ಪಿಸಿದವರೂ ಕರ್ನಾಟಕದವರೇ, ಮಯಾಂಕ್ ಅಗರ್ವಾಲ್. ಪ್ರೇಕ್ಷಕರು ಎದುರಾಳಿಗೆ ಚಪ್ಪಾಳೆಯ ಮಳೆಗರೆದರು. ವಿರಾಟ್ ಕೊಹ್ಲಿ ಮತ್ತು ಕೋಚ್ ರಾಹುಲ್ ದ್ರಾವಿಡ್ ಎದುರಾಳಿ ತಂಡದ ಕೊಠಡಿಗೇ ಹೋಗಿ ಕೈಕುಲುಕಿದರು. ಭಾರತ ತಂಡದವರು ಸಹಿ ಹಾಕಿದ ಅಂಗಿಯನ್ನು ಅಶ್ವಿನ್ ಕೊಟ್ಟರು. ಈ ಎಲ್ಲ ಆದರದ ನಡುವೆ ನ್ಯೂಝಿಲೆಂಡ್ 62 ರನ್‌ಗಳಿಗೆ ಕುಸಿದು, ಕೊನೆಗೆ 372 ರನ್‌ಗಳಿಂದ ಸೋತಿತು ಎಂಬುದನ್ನೂ ಹೇಳಬೇಕು. ಒಬ್ಬನ ಸಾಧನೆ ಎಷ್ಟೇ ದೊಡ್ಡದಾದರೂ ತಂಡ ಕೈಕೊಟ್ಟರೆ ಗೆಲುವಿಲ್ಲ. ಸಮುದಾಯಗಳ ವಿಷಯದಲ್ಲೂ ಇದೇ ಸತ್ಯ.

ಮುಂದೆ ಆದದ್ದೇನು? ಇನ್ನೂ ಆ ತಿಂಗಳು ಮುಗಿದಿರಲಿಲ್ಲ. ಸ್ವದೇಶದಲ್ಲಿ ಬಾಂಗ್ಲಾದೇಶದ ವಿರುದ್ಧದ ಸರಣಿಗೆ ತಂಡ ಪ್ರಕಟವಾದಾಗ ಅಜಾಝ್ ಹೆಸರಿರಲಿಲ್ಲ! ಅಲ್ಲಿನ ಪಿಚ್ಚುಗಳು ಸ್ಪಿನ್ನರುಗಳಿಗೆ ನೆರವಾಗುವುದಿಲ್ಲ ಎಂಬುದು ಕಾರಣ. ಜಗತ್ತು ಹೊಗಳುತ್ತಿರುವಾಗ ಮನೆಯವರು ಬೆಂಚಿನಲ್ಲೂ ಕೂರಿಸಲಿಲ್ಲ. ಅವರು ಬೇಸರಪಟ್ಟಿರಬಹುದು, ಆದರೆ ಹಗೆ ಕಾರಲಿಲ್ಲ. 2022ರಲ್ಲಿ ತನ್ನ ಹತ್ತು ವಿಕೆಟ್‌ಗಳ ಪಂದ್ಯದ ಅಂಗಿಯನ್ನು ಹರಾಜಿಗಿಟ್ಟು, ಬಂದ ಹಣವನ್ನು ಆಕ್ಲೆಂಡ್‌ನ ಸ್ಟಾರ್‌ಶಿಪ್ ಮಕ್ಕಳ ಆಸ್ಪತ್ರೆಗೆ ಮೀಸಲಿಟ್ಟರು. ತನ್ನನ್ನು ಕೈಬಿಟ್ಟ ನಾಡಿನ ಕಾಯಿಲೆಯ ಮಕ್ಕಳನ್ನು ಅವರು ಕೈಬಿಡಲಿಲ್ಲ.

ಮೂರು ವರ್ಷ ಕಾದರು. 2024ರ ಅಕ್ಟೋಬರ್‌ನಲ್ಲಿ ನ್ಯೂಝಿಲೆಂಡ್ ಮತ್ತೆ ಭಾರತಕ್ಕೆ ಬಂತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ 46 ರನ್‌ಗಳಿಗೆ ಆಲೌಟಾಯಿತು; ತಂದೆಯ ಊರಿನಲ್ಲಿ ರಚಿನ್ 134 ರನ್ ಹೊಡೆದರು. 1988ರ ಬಳಿಕ ಭಾರತದಲ್ಲಿ ನ್ಯೂಝಿಲೆಂಡ್‌ಗೆ ಅದು ಮೊದಲ ಟೆಸ್ಟ್ ಜಯ. ಪುಣೆಯಲ್ಲೂ ಗೆದ್ದರು. ಕೊನೆಯ ಪಂದ್ಯ ಮತ್ತೆ ವಾಂಖೆಡೆಯಲ್ಲಿ. ಅಲ್ಲಿ ಅಜಾಝ್ ಐದು ಮತ್ತು ಆರು, ಒಟ್ಟು 11 ವಿಕೆಟ್ ಪಡೆದರು. ನ್ಯೂಝಿಲೆಂಡ್ 25 ರನ್‌ಗಳಿಂದ ಗೆದ್ದು ಸರಣಿಯನ್ನು 3-0 ಅಂತರದಲ್ಲಿ ತನ್ನದಾಗಿಸಿಕೊಂಡಿತು. ಹುಟ್ಟಿದ ಊರಿನ ಒಂದೇ ಮೈದಾನದಲ್ಲಿ ಎರಡು ಟೆಸ್ಟ್‌ಗಳಿಂದ 25 ವಿಕೆಟ್! ಆದರೆ ಆ ವರ್ಷದ ಕೊನೆಯವರೆಗೂ ಅವರ ಟೆಸ್ಟ್ ವಿಕೆಟ್‌ಗಳಲ್ಲಿ ಒಂದೂ ನ್ಯೂಝಿಲೆಂಡ್ ನೆಲದಲ್ಲಿ ಪಡೆದುದಾಗಿರಲಿಲ್ಲ. ವಲಸಿಗನ ಬದುಕು ಹೀಗೇ. ಅವನ ದುಡಿಮೆಯ ಫಸಲು ಯಾವ ಹೊಲದಲ್ಲಿ ಬರುತ್ತದೆಂದು ಬಿತ್ತುವಾಗ ಹೇಳಲಾಗದು.

ಅತಿಥೇಯರ ಪರೀಕ್ಷೆ

ನ್ಯೂಝಿಲೆಂಡ್ ಸ್ವರ್ಗವೆಂದು ನಾನು ಹೇಳುತ್ತಿಲ್ಲ. 2019ರ ಮಾರ್ಚ್ 15ರ ಶುಕ್ರವಾರ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಜುಮಾ ನಮಾಝಿಗೆ ಸೇರಿದ್ದವರ ಮೇಲೆ ಬಿಳಿಯ ಜನಾಂಗವಾದಿಯೊಬ್ಬ ಗುಂಡಿನ ಮಳೆಗರೆದ. 51 ಮಂದಿ ಶಹೀದರಾದರು. ಅವರಲ್ಲಿ ಭಾರತದಿಂದ ಹೋದವರೂ ಇದ್ದರು. ಮರುದಿನ ಟೆಸ್ಟ್ ಆಡಬೇಕಿದ್ದ ಬಾಂಗ್ಲಾದೇಶದ ಆಟಗಾರರು ಅದೇ ಮಸೀದಿಗೆ ಹೊರಟಿದ್ದು, ಕೆಲವೇ ನಿಮಿಷಗಳ ಅಂತರದಲ್ಲಿ ಪಾರಾದರು. ಆದರೆ ಆ ಬಳಿಕ ಆ ದೇಶ ನಡೆದುಕೊಂಡ ರೀತಿಯನ್ನು ನೋಡಿರಿ. ಪ್ರಧಾನಿ ಜಸಿಂಡಾ ಆರ್ಡರ್ನ್ ತಲೆಗೆ ಶಾಲು ಹೊದ್ದು ಸಂತ್ರಸ್ತರನ್ನು ಅಪ್ಪಿಕೊಂಡರು, ಹಂತಕನ ಹೆಸರನ್ನು ಉಚ್ಚರಿಸಲು ನಿರಾಕರಿಸಿದರು, ವಾರಗಳೊಳಗೆ ಬಂದೂಕಿನ ಕಾನೂನನ್ನು ಬಿಗಿಗೊಳಿಸಿದರು. ಅನ್ಯಾಯ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಆಳುವವರು ಅನ್ಯಾಯಕ್ಕೊಳಗಾದವನ ಪಕ್ಕದಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂಬುದೇ ಪರೀಕ್ಷೆ.

ನಮ್ಮ ದೇಶವೂ ಈ ಪರೀಕ್ಷೆ ಬರೆಯುತ್ತಿದೆ. ವಾಂಖೆಡೆಯಲ್ಲಿ ಅಜಾಝ್‌ಗೆ ಚಪ್ಪಾಳೆ ಸಿಕ್ಕ ಕೇವಲ ಆರು ವಾರಗಳ ಹಿಂದೆ, 2021ರ ಅಕ್ಟೋಬರ್ 24ರಂದು, ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಿತ್ತು. ಸೋತದ್ದು ಹನ್ನೊಂದು ಮಂದಿ. ಆದರೆ ಸಾಮಾಜಿಕ ಜಾಲತಾಣಗಳಲ್ಲಿ ದ್ರೋಹಿಯೆಂದು ಕರೆಸಿಕೊಂಡವರು ಮುಹಮ್ಮದ್ ಶಮಿ ಒಬ್ಬರೇ. ಕೆಲವೇ ದಿನಗಳಲ್ಲಿ ನಾಯಕ ಕೊಹ್ಲಿ ಬಹಿರಂಗವಾಗಿ ಶಮಿಯ ಪರ ನಿಂತರು. ಅವರ ಮೇಲೂ ಬೈಗುಳ ಸುರಿಯಿತು. ವಿಚಿತ್ರ ನೋಡಿ: ಹೊರದೇಶದ ಪರ ಆಡಿ ನಮ್ಮ ಹತ್ತು ವಿಕೆಟ್ ಕಿತ್ತ ಮುಸ್ಲಿಮನಿಗೆ ಗೌರವ, ನಮಗಾಗಿ ಬೆವರು ಸುರಿಸಿದ ಮುಸ್ಲಿಮನಿಗೆ ಸಂಶಯ. ಮೈದಾನದಲ್ಲಿ ಕುಳಿತ ಸಾಮಾನ್ಯ ಭಾರತೀಯ ನ್ಯಾಯವಂತನೇ. ದ್ವೇಷವನ್ನು ವ್ಯಾಪಾರ ಮಾಡಿಕೊಂಡವರು ಬೇರೆ. ಇವರಿಬ್ಬರನ್ನೂ ಒಂದೇ ಎಂದು ಭಾವಿಸಿ ನೆರೆಯವನ ಮೇಲೆ ಮುನಿಸಿಕೊಳ್ಳುವ ತಪ್ಪನ್ನು ನಾವು ಮಾಡಬಾರದು.

ಇನ್ನೊಂದು ಮಾತು ಸ್ಪಷ್ಟವಾಗಲಿ. ಅಜಾಝ್ ನ್ಯೂಝಿಲೆಂಡ್‌ನಲ್ಲಿ ವಲಸಿಗ. ನಾವು ಇಲ್ಲಿ ವಲಸಿಗರಲ್ಲ. ಈ ಮಣ್ಣಿನಲ್ಲಿ ನಮ್ಮ ಹಿರಿಯರ ಕಬರುಗಳಿವೆ, ಈ ಭಾಷೆಯಲ್ಲಿ ನಮ್ಮ ತಾಯಂದಿರು ಸಂತೆ ಮಾಡುತ್ತಾರೆ. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗಿನಿಂದ ಕಾಗದಪತ್ರಗಳ ಭಯ ನಮ್ಮ ಮನೆಗಳನ್ನು ಹೊಕ್ಕಿದೆ. ನಿರಾಶ್ರಿತನಿಗೆ ಆಶ್ರಯ ಕೊಡುವುದನ್ನು ನಾವು ವಿರೋಧಿಸುವುದಿಲ್ಲ. ಆದರೆ ಆಶ್ರಯ ಕೇಳುವವನ ಧರ್ಮ ನೋಡಿ ಬಾಗಿಲು ತೆರೆಯುವುದು ನಜಾಶಿಯ ನ್ಯಾಯವೂ ಅಲ್ಲ, ಕಂಪಿಲರಾಯನ ನ್ಯಾಯವೂ ಅಲ್ಲ. ಇದನ್ನು ಸಂವಿಧಾನದ ಚೌಕಟ್ಟಿನಲ್ಲಿ, ಸಂಯಮದಿಂದ ಹೇಳುತ್ತಲೇ ಇರೋಣ.

ನಮ್ಮ ಹುಡುಗರಿಗೆ

ಇನ್ನು ನಮ್ಮೊಳಗಿನ ಮಾತು. ಇಸ್ಲಾಮ್ ಆಟದ ಶತ್ರುವಲ್ಲ. ಪ್ರವಾದಿವರ್ಯರು(ಸ) ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದ್ದರು, ಬಿಲ್ಲುಗಾರಿಕೆಯನ್ನು ಪ್ರೋತ್ಸಾಹಿಸಿದ್ದರು. ಆದರೆ ನಮ್ಮ ಓಣಿಗಳಲ್ಲಿ ಕ್ರಿಕೆಟ್ ಏನಾಗಿದೆ? ಆಡುವವರಿಗಿಂತ ಬಾಜಿ ಕಟ್ಟುವವರು ಹೆಚ್ಚಾಗಿದ್ದಾರೆ. ಐಪಿಎಲ್ ಬಂತೆಂದರೆ ತಾಯಿಯ ಒಡವೆ, ಅಕ್ಕನ ಮದುವೆಗೆಂದು ಕೂಡಿಟ್ಟ ಹಣ, ಹಮಾಲಿ ಮಾಡಿದ ತಂದೆಯ ವಾರದ ಕೂಲಿ ಬೆಟ್ಟಿಂಗ್‌ನಲ್ಲಿ ಕರಗುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕುರ್‌ಆನ್ ಜೂಜನ್ನು ನಿಷೇಧಿಸಿ ಹದಿನಾಲ್ಕು ಶತಮಾನಗಳಾದವು. ಎರಡು ಕಾನೂನುಗಳನ್ನೂ ಮುರಿಯುವ ಮಗ ಮೊಬೈಲ್ ಹಿಡಿದು ಮನೆಯ ಮೂಲೆಯಲ್ಲಿ ಕುಳಿತಿರುವಾಗ ಪಾಲಕರಾದ ನಾವು ಅವನು ಮ್ಯಾಚು ನೋಡುತ್ತಿದ್ದಾನೆ ಎಂದುಕೊಂಡು ಸುಮ್ಮನಿರುತ್ತೇವೆ.

ಇನ್ನು ಕೆಲವರು ಆಟಗಾರನಾಗುವೆನೆಂದು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಡುತ್ತಾರೆ. ಅವರಿಗೆ ಕನ್ನಡನಾಡಿನದೇ ಒಂದು ಉದಾಹರಣೆ ಕೊಡುತ್ತೇನೆ. ನೋಸ್ತುಶ್ ಕೆಂಜಿಗೆ ಹುಟ್ಟಿದ್ದು 1991ರಲ್ಲಿ ಅಮೆರಿಕದಲ್ಲಿ. ಶಿಶುವಾಗಿದ್ದಾಗಲೇ ಕುಟುಂಬ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಮರಳಿತು. ಬೆಂಗಳೂರಿನಲ್ಲಿ ಆಡಿದರೂ ಕರ್ನಾಟಕ ತಂಡದ ಬಾಗಿಲು ತೆರೆಯಲಿಲ್ಲ. ಆತ ಬಯೋಮೆಡಿಕಲ್ ಇಂಜಿನಿಯರಿಂಗ್ ಓದಿ, ಉದ್ಯೋಗಕ್ಕಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ಆಟ ಮತ್ತೆ ಕೈಹಿಡಿಯಿತು. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದಾಗ ಮೂರು ವಿಕೆಟ್ ಪಡೆದವರು ಈ ಕೆಂಜಿಗೆ. ಆ ಸೂಪರ್ ಓವರ್ ಎಸೆದ ಸೌರಭ್ ನೇತ್ರಾವಳ್ಕರ್ ಮುಂಬೈಯಿಂದ ಉನ್ನತ ಶಿಕ್ಷಣಕ್ಕೆ ಹೋದ ಸಾಫ್ಟ್‌ವೇರ್ ಇಂಜಿನಿಯರ್. ಅದೇ ತಂಡದ ವೇಗದ ಬೌಲರ್ ಅಲಿ ಖಾನ್ ಪಾಕಿಸ್ತಾನದ ಅಟಕ್‌ನಿಂದ ಹೋದವರು. ಗಡಿಯ ಎರಡು ಬದಿಯವರು ಒಂದೇ ಅಂಗಿ ತೊಟ್ಟು ಗೆದ್ದರು ಎಂಬುದು ಬೇರೆ ಮಾತು. ನಾನು ತೋರಿಸಬೇಕೆಂದದ್ದು ಓದು. ಕ್ರಿಕೆಟ್ ಬಾಗಿಲು ಮುಚ್ಚಿದಾಗ ಕೆಂಜಿಗೆಯನ್ನು ಉಳಿಸಿದ್ದು ಓದು. ಮುಂದೆ ಆಟ ಮರಳಿ ಸಿಗುವಂತೆ ಮಾಡಿದ್ದೂ ಓದೇ. ಒಂದು ದೇಶದ ತಂಡದಲ್ಲಿ ಆಡುವವರು ಹನ್ನೊಂದೇ ಮಂದಿ. ಉಳಿದ ಲಕ್ಷಾಂತರ ಹುಡುಗರು ಬದುಕಬೇಕಲ್ಲ? ಆದ್ದರಿಂದ ಒಂದು ಕೈಯಲ್ಲಿ ಬ್ಯಾಟು ಇದ್ದರೆ ಇನ್ನೊಂದು ಕೈಯಲ್ಲಿ ಪುಸ್ತಕವಿರಲಿ. ಗಲ್ಫ್‌ಗೆ ಹೋಗಲು ಪಾಸ್‌ಪೋರ್ಟ್ ಮಾಡಿಸುವವರಿಗೂ ನನ್ನ ಮಾತು ಇದೇ. ಕೈಯಲ್ಲಿ ಒಂದು ಕಸುಬು, ಒಂದು ಪ್ರಮಾಣಪತ್ರ ಇಲ್ಲದೆ ವಿಮಾನ ಹತ್ತಬೇಡಿರಿ. ಅಬ್ದುರ್ರಹ್ಮಾನ್ ಬಿನ್ ಔಫ್‌ಗೆ(ರ) ಮದೀನಾದ ಮಾರುಕಟ್ಟೆ ಒಲಿದದ್ದು ಅವರಿಗೆ ವ್ಯಾಪಾರದ ವಿದ್ಯೆ ಮೊದಲೇ ಬರುತ್ತಿದ್ದುದರಿಂದ.

ನಾವು ಅನ್ಸಾರರೇ?

ಕೊನೆಯದಾಗಿ ನಮ್ಮೆಲ್ಲರ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ನ್ಯೂಝಿಲೆಂಡ್ ಅಜಾಝ್‌ನನ್ನು ಹೇಗೆ ನಡೆಸಿಕೊಂಡಿತು ಎಂದು ತೂಗುವುದು ಸುಲಭ. ನಮ್ಮ ಊರಿಗೆ ಬಂದವನನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ, ಗಿಣಿಗೇರಾದ ಕಾರ್ಖಾನೆಗಳಲ್ಲಿ, ಊರೂರಿನ ಕಟ್ಟಡ ಕೆಲಸಗಳಲ್ಲಿ ಬಿಹಾರ, ಉತ್ತರ ಪ್ರದೇಶಗಳ ಹುಡುಗರು ದುಡಿಯುತ್ತಿದ್ದಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅವರಿಗೆ ನಾವು ಬಾಡಿಗೆಗೆ ಕೋಣೆ ಕೊಡುತ್ತೇವೆಯೇ? ಬೆವರು ಆರುವ ಮುನ್ನ ಕೂಲಿ ಕೊಡುತ್ತೇವೆಯೇ? ಕಳವಾದರೆ ಮೊದಲು ಅವರ ಮೇಲೆಯೇ ಬೆರಳು ತೋರಿಸುವುದಿಲ್ಲವೇ? ನಮ್ಮ ಮಸೀದಿಯ ಸಾಲಿನಲ್ಲಿ ಪಕ್ಕದಲ್ಲೇ ನಿಂತ ಆ ಹುಡುಗನ ಹೆಸರನ್ನು ಎಂದಾದರೂ ಕೇಳಿದ್ದೇವೆಯೇ? ಯಲಬುರ್ಗಾದಿಂದ ಗುಳೆ ಹೋದ ನಮ್ಮ ಮಕ್ಕಳು ಪರಊರಿನಲ್ಲಿ ಇದೇ ಪ್ರಶ್ನೆಗಳ ಇನ್ನೊಂದು ಬದಿಯಲ್ಲಿ ನಿಂತಿದ್ದಾರೆ. ನಮ್ಮ ಮಗನಿಗೆ ಅಲ್ಲಿ ಬಯಸುವುದನ್ನು ಇನ್ನೊಬ್ಬ ತಾಯಿಯ ಮಗನಿಗೆ ಇಲ್ಲಿ ಕೊಡುವುದೇ ಈಮಾನ್.

ಒಂದು ಸಣ್ಣ ಕೆಲಸದಿಂದ ಆರಂಭಿಸೋಣ. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯಲ್ಲಿರುವ ಹೊರಗಿನ ಕಾರ್ಮಿಕರನ್ನು, ಧರ್ಮ ಕೇಳದೆ, ತಿಂಗಳಿಗೊಮ್ಮೆ ಭೇಟಿಯಾಗಲಿ. ಕಾಯಿಲೆ ಬಿದ್ದವನನ್ನು ಆಸ್ಪತ್ರೆಗೆ ಒಯ್ಯುವ, ಕೂಲಿ ಸಿಗದವನ ಪರ ಮಾಲಕರಲ್ಲಿ ಮಾತಾಡುವ, ಅವರ ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸುವ ಹೊಣೆಯನ್ನು ಇಬ್ಬರು ಯುವಕರು ಹೊರಲಿ. ಅದೇ ಯುವಕರು ಸಂಜೆ ಓಣಿಯ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ಮಗ್ರಿಬ್‌ಗೆ ಮೊದಲು ಮರಳಿ ಕರೆತರಲಿ. ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ.

ಎಂಟರ ಬಾಲಕನೊಬ್ಬ ಮುಂಬೈ ಬಿಟ್ಟು ಹೋದ. ಅವನಿಗೆ ಮೈದಾನ ಸಿಕ್ಕಿತು, ತಿದ್ದುವ ಗುರು ಸಿಕ್ಕಿದ, ಅವನು ಮೂವತ್ತರವರೆಗೆ ಕಾದ. ಮುಂದೆ ಹತ್ತು ವಿಕೆಟ್ ಬಂತು. ನಮ್ಮ ಊರಿನಲ್ಲೂ ಅಂಥ ಬಾಲಕರಿದ್ದಾರೆ. ಇಲ್ಲಿಂದ ಹೊರಟವರೂ ಇದ್ದಾರೆ, ಇಲ್ಲಿಗೆ ಬಂದವರೂ ಇದ್ದಾರೆ. ಅವರ ಕೈಗೆ ನಾವು ಕೊಡುವುದು ಚೆಂಡೋ, ಪುಸ್ತಕವೋ, ಬೆಟ್ಟಿಂಗಿನ ಮೊಬೈಲೋ ಎಂಬುದನ್ನು ನಾವೇ ತೀರ್ಮಾನಿಸಬೇಕು.

ದೂರ ಹೋದ ನಮ್ಮ ಮಕ್ಕಳನ್ನು ಅಲ್ಲಾಹನು ಕಾಪಾಡಲಿ. ನಮ್ಮ ಬಾಗಿಲಿಗೆ ಬಂದವರಿಗೆ ನ್ಯಾಯ ಕೊಡುವ ಮನಸ್ಸನ್ನು ನಮಗೆ ಕರುಣಿಸಲಿ. ಆಮೀನ್.